ಊದುಬತ್ತಿ ತೂತು

ಎಂಜಿನ್ ಬಿಡಿಭಾಗಗಳ ಡ್ರಾಯಿಂಗ್ ತಿದ್ದಿ, ಕಡಿಮೆ ಖರ್ಚಲ್ಲಿ ತಯಾರಾಗೋ ಹಾಗೆ ಮಾಡೋದು ನನ್ನ ಕೆಲಸ. ಒಂದು ಪಂಪಿನ ಮುಚ್ಚಳದಲ್ಲಿ ಯಾವ ಉಪಯೋಗಕ್ಕೂ ಬಾರದ ಸಣ್ಣ ತೂತಿತ್ತು. ಖುಷಿಯಿಂದ ತೆಗೆದುಹಾಕಿದೆ. ಆ ಮುಚ್ಚಳ ಮಾಡಿಕೊಡೋ ಗರುಡಾಚಾರ್‌ಪಾಳ್ಯದ ವರ್ಕ್‌ಶಾಪಿನ ಮಾಲೀಕ ನಾಗರಾಜಪ್ಪ ಕೆಂಡವಾದರು.

"ತೂತೇ ಇಲ್ಲಾಂದ್ರೆ ಊದುಬತ್ತಿ ಎಲ್ಲಿ ಸಿಗಿಸ್ಲಿ ಸಾರ್?"

ಹೊಸ ಆರ್ಡರ್ ಶುರುವಾದಾಗೆಲ್ಲ ಮೊದಲ ಪೀಸನ್ನು ದೇವರ ಪಟದ ಮುಂದಿಟ್ಟು ಪೂಜೆ ಮಾಡೋದು ಅವರ ಪದ್ಧತಿಯಂತೆ.

"ಒಂದು ಸ್ಟ್ಯಾಂಡ್ ತಗೊಳ್ರೀ," ಅಂದೆ.

"ಪೂಜೆ ಸ್ಟ್ಯಾಂಡಿಗಲ್ಲ ಸಾರ್, ಪೀಸಿಗೆ. ಪೂಜೆ ಆಗ್ದೆ ಎರಡನೇ ಪೀಸ್ ಮಾಡಲ್ಲ."

ಸೋಮವಾರ ಎಂಜಿನ್ ಜೋಡಿಸಬೇಕಿತ್ತು. ತೆಪ್ಪಗೆ ತೂತು ವಾಪಸ್ ಹಾಕಿದೆ.

ಯಾಕ್ರೀ ಅಂತ ಬಾಸ್ ಕೇಳಿದರು. "ನೆಟ್ಟಗೆ ನಿಲ್ಲಿಸೋಕೆ ಬೇಕು ಸಾರ್," ಅಂದೆ.

ಏನನ್ನ ಅಂತ ಪುಣ್ಯಕ್ಕೆ ಅವರು ಕೇಳಲಿಲ್ಲ.