ದಿಣ್ಣೆಯಲ್ಲಿ ನಿಂತ ಕಾರು

೧೯೪೪ನೇ ಇಸವಿ. ಆಗ ನಾನು ಮಂಡ್ಯದ ಒಂದು ಮೋಟಾರು ವರ್ಕ್‌ಶಾಪಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಯುದ್ಧದ ಕಾಲ, ಪೆಟ್ರೋಲಿಗೆ ರೇಷನ್. ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಆ ಒಲೆಗಳ ಮಸಿ ತೆಗೆಯುವುದೇ. ಅಂಥ ದಿನಗಳಲ್ಲಿ ಒಂದು ಮಧ್ಯಾಹ್ನ ಒಂದು ಜೊತೆ ಎತ್ತು ಸ್ಪೋರ್ಟ್ಸ್ ಕಾರೊಂದನ್ನು ಎಳೆದುಕೊಂಡು ನಮ್ಮ ಬಾಗಿಲಿಗೆ ಬಂದವು.

ಮುಂದೆ ಎರಡೇ ಸೀಟು, ಬಟ್ಟೆಯ ಟಾಪು; ಹಿಂದಿನ ಡಿಕ್ಕಿಯ ಮುಚ್ಚಳ ತೆರೆದರೆ ಇನ್ನೊಬ್ಬರು ಕೂರಬಹುದು. ಸೀಮೆಗೆ ವಾಪಸಾದ ಯಾವನೋ ಇಂಗ್ಲಿಷ್ ದೊರೆಯಿಂದ ಕೊಂಡ ಹಳೆಯ ಗಾಡಿ. ಎತ್ತಿನ ಪಕ್ಕದಲ್ಲಿ ನಡೆದು ಬಂದ ಮಾಲೀಕನ ಹೆಸರು ಶಿವಣ್ಣ. ಮಳವಳ್ಳಿ ಹತ್ತಿರದ ಹಳ್ಳಿಯ ಗೌಡರ ಮನೆಯವನು, ಇನ್ನೂ ಮೂವತ್ತು ತುಂಬದ ಪ್ರಾಯ.

“ಇಂಜಿನ್ ಓಡಲ್ವಾ?” ಎಂದು ಕೇಳಿದೆ.

“ಓಡ್ತದೆ. ಓಡ್ಸಕ್ಕೆ ನನ್ ಕೈಲಿ ಆಯ್ತಾ ಇಲ್ಲ,” ಎಂದ.

ಆಮೇಲೆ ನಿಧಾನವಾಗಿ ಹೇಳಿದ. ಕೆಲವು ವಾರಗಳ ಹಿಂದೆ ತಂಗಿ ಜಯಮ್ಮ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ನೋವು ಶುರುವಾಗಿ ಒಂದು ಹಗಲು, ಒಂದು ರಾತ್ರಿ ಕಳೆದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ಬೆಳಕು ಹರಿಯುತ್ತಲೇ ತಂಗಿಯನ್ನು ಪಕ್ಕದ ಸೀಟಿನಲ್ಲಿ ಒರಗಿಸಿ, ತಾಯಿಯನ್ನು ಹಿಂದೆ ಕೂರಿಸಿಕೊಂಡು ಶಿವಣ್ಣ ಮದ್ದೂರು ದಾರಿ ಹಿಡಿದ. ಅಲ್ಲಿಂದ ಮಂಡ್ಯದ ಆಸ್ಪತ್ರೆಗೆ ಒಳ್ಳೆಯ ರಸ್ತೆಯಿತ್ತು. ಆದರೆ ಮದ್ದೂರು ಇನ್ನೂ ದೂರವಿರುವಾಗಲೇ ಒಂದು ದಿಣ್ಣೆಯಲ್ಲಿ ಕಾರು ತಡವರಿಸಿ ನಿಂತಿತು. ಸ್ಟಾರ್ಟ್ ಮಾಡಿದರೆ ನಾಲ್ಕು ಮಾರು ಹೋಗಿ ಮತ್ತೆ ನಿಂತಿತು. ಕಡೆಗೆ ಎತ್ತಿನ ಗಾಡಿಯೊಂದು ಸಿಕ್ಕಿ ಮದ್ದೂರು ಮುಟ್ಟುವಷ್ಟರಲ್ಲಿ ಜಯಮ್ಮನೂ ಇರಲಿಲ್ಲ, ಹೊಟ್ಟೆಯೊಳಗಿನ ಮಗುವೂ ಇರಲಿಲ್ಲ.

“ಅದು ಯಾಕೆ ನಿಂತ್ಕತು ಅಂತ ನಂಗೆ ತಿಳೀಬೇಕು ಮೇಸ್ತ್ರಿ. ಮರೆ ಮಾಡ್ಬ್ಯಾಡಿ, ಇದ್ದಿದ್ದು ಇದ್ದಂಗೆ ಯೋಳ್ಬುಡಿ.”

ಮೊದಲು ಕಾರ್ಬುರೇಟರ್ ಬಿಚ್ಚಿದೆ. ಪೆಟ್ರೋಲು ಗಾಳಿಯೊಡನೆ ಬೆರೆಯುವುದು ಅಲ್ಲಿ. ಆಕ್ಸಿಲರೇಟರ್ ತುಳಿದ ಕ್ಷಣ ಒಂದಿಷ್ಟು ಹೆಚ್ಚಿನ ಪೆಟ್ರೋಲು ಚಿಮ್ಮಿಸಲು ಅದರೊಳಗೆ ಪುಟ್ಟ ಪಂಪು ಇರುತ್ತದೆ. ಆ ಪಂಪಿನ ಚರ್ಮದ ವಾಶರ್ ಒಣಗಿ ಸೀಳಿತ್ತು. ಪೆಟ್ರೋಲು ಹಾಯುವ ಜೆಟ್ಟಿನ ಸಣ್ಣ ತೂತಿನಲ್ಲಿ ಅಂಟು ಕಟ್ಟಿತ್ತು. ಸೀಮೆಎಣ್ಣೆ ಬೆರೆಸಿದ ಪೆಟ್ರೋಲಿನ ಕೆಲಸವದು. ಆಗ ಸಿಗುತ್ತಿದ್ದದ್ದೇ ಅಂಥದ್ದು. ಹೊಸ ವಾಶರ್ ಬೆಂಗಳೂರಿನಲ್ಲೂ ಇಲ್ಲ. ಜೆಟ್ಟನ್ನು ತೊಳೆದು, ಮೇಕೆಯ ತೊಗಲನ್ನು ಎಣ್ಣೆಯಲ್ಲಿ ನೆನೆಸಿ, ಅಳತೆಗೆ ಕತ್ತರಿಸಿ ಕೂರಿಸಿದೆ. ಇಂಜಿನ್ನಿನ ತಡವರಿಕೆ ನಿಂತಿತು.

ಆದರೆ ಅಷ್ಟಕ್ಕೇ ಕಾರು ದಿಣ್ಣೆಯಲ್ಲಿ ಹಾಗೆ ಸೋಲಬಾರದು. ಕೆಳಗೆ ಮಲಗಿ ನೋಡಿದೆ. ಆ ಗಾಡಿಗೆ ಓವರ್‌ಡ್ರೈವ್ ಇತ್ತು. ಅಂದರೆ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಹೆಚ್ಚಿನ ಗೇರು. ಸಮತಟ್ಟು ರಸ್ತೆಯಲ್ಲಿ ಇಂಜಿನ್ ನಿಧಾನವಾಗಿ ತಿರುಗಿದರೂ ಕಾರು ಜೋರಾಗಿ ಓಡುತ್ತದೆ. ಏರುವಾಗ ಮಾತ್ರ ಅದರಲ್ಲಿ ಎಳೆಯುವ ಶಕ್ತಿ ಸಾಲದು, ಬಿಡಿಸಲೇಬೇಕು. ಸ್ಟೀರಿಂಗಿನ ಹತ್ತಿರದ ಗುಂಡಿ ಎಳೆದರೆ ತಂತಿಯೊಂದು ಕೆಳಗಿನ ಲಿವರನ್ನು ಸರಿಸಿ ಅದನ್ನು ಬಿಡಿಸುತ್ತದೆ. ಇಲ್ಲಿ ತಂತಿಯನ್ನು ತಪ್ಪು ಜಾಗದಲ್ಲಿ ಹಿಡಿದು ಬೋಲ್ಟು ಬಿಗಿದಿದ್ದರಿಂದ, ಗುಂಡಿ ಪೂರ್ತಿ ಎಳೆದರೂ ಲಿವರ್ ಅರ್ಧಕ್ಕೇ ನಿಲ್ಲುತ್ತಿತ್ತು. ಬೋಲ್ಟಿನ ಮೇಲೆ ಸ್ಪ್ಯಾನರಿನ ಹೊಸ ಗೀರುಗಳಿದ್ದವು.

“ಈ ತಂತೀನ ಯಾರಾದ್ರೂ ಮುಟ್ಟಿದ್ರಾ?”

“ನಾನೇ,” ಎಂದ ಶಿವಣ್ಣ. “ಗುಂಡಿ ಗಡಗಡ ಅಂತಿತ್ತು. ಬಿಚ್ಚಿ ಎಳ್ದು ಬಿಗ್ದಿದ್ದೆ.”

ಎಲ್ಲವನ್ನೂ ಪೆಟ್ರೋಲಿನ ಮೇಲೆ ಹಾಕಿ ಅವನನ್ನು ಕಳಿಸಬಹುದಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವನು ನನ್ನ ಮುಖವನ್ನೇ ನೋಡುತ್ತಿದ್ದ.

“ತಡವರಿಸ್ತಿದ್ದದ್ದು ಕೆಟ್ಟ ಪೆಟ್ರೋಲಿನಿಂದ. ಓವರ್‌ಡ್ರೈವ್ ಬಿಡದೇ ಹೋದದ್ದು ಈ ತಂತಿಯಿಂದ. ಎರಡೂ ಸೇರಿ ದಿಣ್ಣೆ ಹತ್ತಲಿಲ್ಲ. ಆದ್ರೆ ಶಿವಣ್ಣೋರೆ, ಬೇಗ ಮುಟ್ಟಿದ್ರೆ ತಂಗಿ ಉಳೀತಿದ್ರು ಅಂತ ನಾನು ಹೇಳಲಾರೆ. ಯಾರೂ ಹೇಳಲಾರರು.”

ಅವನು ತಲೆಯಾಡಿಸಿ ಗೋಡೆಯ ಬದಿಗೆ ಹೋಗಿ ಕೂತ.

ತಂತಿ ಸರಿಪಡಿಸಿದ ಮೇಲೆ ಪರೀಕ್ಷೆಗೆ ಅದೇ ದಾರಿಯಲ್ಲಿ ಹೋಗೋಣ ಎಂದು ಅವನೇ ಹೇಳಿದ. ಸ್ಟೀರಿಂಗ್ ನಾನು ಹಿಡಿದೆ, ತಂಗಿ ಕೂತಿದ್ದ ಸೀಟಿನಲ್ಲಿ ಅವನು ಕೂತ. ಮದ್ದೂರು ದಾಟಿ, ಆ ದಿಣ್ಣೆಯನ್ನೂ ಇಳಿದು ಮುಂದೆ ಹೋಗಿ, ಅವತ್ತು ಬಂದ ದಿಕ್ಕಿನಿಂದಲೇ ಏರಲು ಗಾಡಿ ತಿರುಗಿಸಿದೆ. ಗುಂಡಿ ಎಳೆದೆ. ಓವರ್‌ಡ್ರೈವ್ ಬಿಟ್ಟುಕೊಂಡಿತು. ಕಾರು ಒಂದೇ ಉಸಿರಿಗೆ ದಿಣ್ಣೆ ಹತ್ತಿತು.

“ನಿಲ್ಸಿ,” ಎಂದ. ಇಳಿದು ಬಂದ ದಾರಿಯನ್ನು ನೋಡಿದ. “ಇಷ್ಟೇನಾ ಇದು? ಇಷ್ಟು ಸಲೀಸಾ?” ಎಂದವನು ರಸ್ತೆಯ ಪಕ್ಕದಲ್ಲಿ ಕುಕ್ಕರಿಸಿ ಗೊಳೋ ಎಂದು ಅತ್ತ. ಸರಿಯಾಗಿ ಓಡಿದ ಗಾಡಿಯನ್ನು ಕಂಡು ನನಗೆ ಸಂಕಟವಾದದ್ದು ನನ್ನ ಸರ್ವಿಸಿನಲ್ಲಿ ಅದೊಂದೇ ಸಲ.

ತಂಗಿ ಸತ್ತಂದಿನಿಂದ ತಾಯಿ ತನ್ನೊಡನೆ ಮಾತಾಡಿಲ್ಲ, ತಾನು ಗದ್ದೆಯ ಗುಡಿಸಲಿನಲ್ಲೇ ಬೇಯಿಸಿಕೊಳ್ಳುತ್ತಿದ್ದೇನೆ ಎಂದು ಆಮೇಲೆ ತಿಳಿಸಿದ. ಒಬ್ಬನನ್ನೇ ಬಿಡಲು ಮನಸ್ಸಾಗದೆ ಅವನ ಊರಿಗೇ ಕಾರು ಓಡಿಸಿಕೊಂಡು ಹೋದೆ. ತಾಯಿ ನಿಂಗಮ್ಮ ಜಗಲಿಯ ಮೇಲಿದ್ದರು. ಮಗನ ಕಡೆ ನೋಡದೆ ನನ್ನನ್ನು ಕೇಳಿದರು:

“ಏನಾಗಿತ್ತಪ್ಪಾ ಅದ್ಕೆ?”

ನಾನು ಬಾಯಿ ತೆರೆಯುವ ಮುಂಚೆ ಶಿವಣ್ಣ ಹೇಳಿದ: “ನಂದೇ ತಪ್ಪು ಕಣವ್ವಾ. ತಂತಿ ನಾನೇ ಬಿಗ್ದಿದ್ದೆ. ಅದ್ಕೇ ನಿಂತ್ಕತು.”

ಆಕೆ ಸೆರಗನ್ನು ಬಾಯಿಗೊತ್ತಿಕೊಂಡರು. ಆಮೇಲೆ ಮಗನ ಕಡೆ ತಿರುಗಿದರು. “ಸೂಲಗಿತ್ತಿ ಇಂದ್ಲ ದಿನ ಸಂಜೇನೇ ಆಸ್ಪತ್ರೆಗೆ ಕರ್ಕೊಂಡೋಗಿ ಅಂದ್ಲು ಕಣ್ಲಾ. ಬ್ಯಾಡ, ನಮ್ಮನೇಲಿ ಎಲ್ಲಾ ಇಲ್ಲೇ ಎತ್ತವ್ರೆ ಅಂದೋಳು ನಾನು. ನಿನ್ಗೆ ಯೋಳ್ನೇ ಇಲ್ಲ. ಮೊಕ ಕೊಟ್ಟು ಎಂಗ್ಲಾ ಮಾತಾಡ್ಲಿ ನಿನ್ತಾವ?”

ಶಿವಣ್ಣ ಜಗಲಿಯ ಹತ್ತಿರಕ್ಕೆ ಬಂದ.

“ಒಳಿಕ್ಕೆ ಬಾ. ಉಣ್ಣು,” ಎಂದರು ನಿಂಗಮ್ಮ.

ಅವನು ತಲೆ ತಗ್ಗಿಸಿ ಒಳಗೆ ಹೋದ. ಇಬ್ಬರೂ ಅಳುವುದು ಕೇಳುತ್ತಿತ್ತು. ನಾನು ಬಸ್ಸು ಹಿಡಿದು ಮಂಡ್ಯಕ್ಕೆ ಬಂದೆ. ಆ ಕಾರನ್ನು ಅವನು ಮತ್ತೆ ಓಡಿಸಲಿಲ್ಲ. ಯುದ್ಧ ಮುಗಿದ ಮೇಲೆ ಯಾರೋ ಮೈಸೂರಿನವರು ಕೊಂಡುಹೋದರಂತೆ.

ಗಾಡಿ ಯಾಕೆ ನಿಂತಿತು ಎನ್ನುವುದಕ್ಕೆ ನನ್ನಲ್ಲಿ ಉತ್ತರವಿತ್ತು. ಜಯಮ್ಮ ಯಾಕೆ ಹೋದಳು ಎನ್ನುವುದಕ್ಕೆ ಇರಲಿಲ್ಲ. ಮೊದಲನೆಯದನ್ನು ಮುಚ್ಚಿಡದೆ ಹೇಳುವುದು, ಎರಡನೆಯದು ನನಗೆ ತಿಳಿಯದು ಎಂದು ಅಷ್ಟೇ ಸ್ಪಷ್ಟವಾಗಿ ಹೇಳುವುದು, ಎರಡೂ ಮೆಕ್ಯಾನಿಕ್ಕಿನ ಕೆಲಸವೇ ಎಂದು ಆ ವರ್ಷ ಕಲಿತೆ.