ಸುಗುಣಾ ಕಂಪ್ಯೂಟರ್ ಮಾರದೆ ಉಳಿಸಿಕೊಂಡ ಭಾನುವಾರ

ಬೆಳಗಿನ ಐದೂವರೆ. ನಾಸಿಕ್ ಸಮೀಪದ ಓಝರ್‌ನಲ್ಲಿ ಡಿಸೆಂಬರಿನ ಚಳಿ ಬಿಗಿಯಾಗಿದೆ. ಶಾಲು ಹೊದ್ದ ಸುಗುಣಾ ಎಣ್ಣೆ ಹೀರಿದ ಮರಾಠಿ ಪೇಪರನ್ನು ಬಿಚ್ಚಿ, ಎರಡು ತುಂಡಾದ ಹಲ್ಲಿನ ಗಾಲಿಯೊಂದನ್ನು ಟೇಬಲ್ ಮೇಲಿಡುತ್ತಾರೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಜಿಡ್ಡು ತೆಗೆಯುತ್ತಾರೆ. ವರ್ನಿಯರ್ ಹಿಡಿದು ಅಳೆಯುತ್ತಾರೆ, ಬರೆದುಕೊಳ್ಳುತ್ತಾರೆ, ಮತ್ತೆ ಅಳೆಯುತ್ತಾರೆ. ಮೂರನೇ ಸಲ ಅಳೆದ ಮೇಲೆಯೇ ಕಂಪ್ಯೂಟರಿನ ಗುಂಡಿ ಒತ್ತುವುದು.

"ಮುರಿದ ಸಾಮಾನು ಸುಳ್ಳು ಹೇಳತೈತ್ರಿ. ಸವೆದಿರತೈತಿ, ಬಾಗಿರತೈತಿ. ಒಮ್ಮೆ ಅಳೆದು ನಂಬಿದ್ರ ಕೆಟ್ಟೆ ಅಂತ ತಿಳ್ಕೊಳ್ರಿ" ಎನ್ನುತ್ತಾರೆ.

ಅವರ ಕೆಲಸ ಇಷ್ಟು: ಯಂತ್ರ ತಯಾರಿಸಿದ ಕಂಪನಿ ಮುಚ್ಚಿಹೋಗಿದೆ, ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲ ಎಂದಾಗ ಜನ ಮುರಿದದ್ದನ್ನು ಚೀಲದಲ್ಲಿ ಹಾಕಿಕೊಂಡು ಇಲ್ಲಿಗೆ ಬರುತ್ತಾರೆ. ಸುಗುಣಾ ಅದನ್ನು ಅಳೆದು, ಮುರಿಯುವ ಮೊದಲು ಹೇಗಿತ್ತೋ ಹಾಗೆ ಕಂಪ್ಯೂಟರಿನಲ್ಲಿ ಬಿಡಿಸಿಕೊಡುತ್ತಾರೆ. ಆ ಚಿತ್ರ ನೋಡಿ ನಾಸಿಕ್‌ನ ಅಂಬಡ್, ಸಾತಪುರದ ಸಣ್ಣ ವರ್ಕ್‌ಶಾಪಿನವರು ಹೊಸ ಭಾಗ ಮಾಡುತ್ತಾರೆ. ದಿನಕ್ಕೆ ಎರಡು ಭಾಗ, ಕೈ ಓಡಿದರೆ ಮೂರು. ಒಂಬತ್ತು ವರ್ಷದಲ್ಲಿ ಐದು ಸಾವಿರಕ್ಕೂ ಹೆಚ್ಚು ಭಾಗಗಳು. ಹಿಟ್ಟಿನ ಗಿರಣಿ, ಪಂಪು, ಆಸ್ಪತ್ರೆಯ ಮಂಚ, ಮನ್ಮಾಡಿನ ಐಸ್ ಕಾರ್ಖಾನೆ. ಅವು ಇಂದಿಗೂ ನಡೆಯುತ್ತಿವೆ. ಯಾವುದರ ಮೇಲೂ ಇವರ ಹೆಸರಿಲ್ಲ.

ಸುಗುಣಾ ಗದಗ-ಬೆಟಗೇರಿಯ ನೇಕಾರರ ಮನೆಯ ಮಗಳು. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ಅವರ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಮದುವೆಯಾಗಿ ಇಲ್ಲಿಗೆ ಬಂದರು. ಪತಿ ಬಾಲಕೃಷ್ಣ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಸುಗುಣಾ ಕೆಲಸ ಕೇಳಿಕೊಂಡು ಹೋದ ವರ್ಕ್‌ಶಾಪುಗಳಲ್ಲಿ ಮಾತ್ರ ಕುರ್ಚಿ ಕೊಟ್ಟು, ಚಹಾ ಕೊಟ್ಟು ಕಳಿಸಿದರು. ಹದಿನಾಲ್ಕು ವರ್ಷ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿದರು. 2004ರಲ್ಲಿ ಒಬ್ಬ ಮಾಲೀಕರ ಡ್ರಾಯಿಂಗ್ ಮಾಡುವವನು ಹೇಳದೆ ಕೇಳದೆ ಬಿಟ್ಟುಹೋದಾಗ ಇವರಿಗೆ ಕರೆ ಬಂತು. ಈಗ ಇಲ್ಲಿಯವರ ಬಾಯಲ್ಲಿ ಇವರು 'ಡ್ರಾಯಿಂಗ್‌ವಾಲಿ ತಾಈ'. "ಮರಾಠಿಯೊಳಗ ತಾಈ ಅಂದ್ರ ಅಕ್ಕ. ನನಗ ತಾಯಿ ಅಂದಂಗ ಕೇಳಸ್ತಿತ್ತು. ಇಷ್ಟು ದೊಡ್ಡ ಗಂಡಸರು ನನ್ನ ತಾಯಿ ಅಂತಾರಲ್ಲ ಅಂತ ನಾಚಿಕಿ ಆಗ್ತಿತ್ರಿ" ಎಂದು ನಗುತ್ತಾರೆ.

ಕಳೆದ ವರ್ಷ ದಸರೆಯ ಹೊತ್ತಿಗೆ ದಿಂಡೋರಿಯ ಒಂದು ಸಣ್ಣ ವೈನ್ ಘಟಕದಿಂದ ಕೆಲಸ ಬಂತು. ದ್ರಾಕ್ಷಿಯನ್ನು ತೊಟ್ಟಿನಿಂದ ಬಿಡಿಸಿ ಹಿಂಡುವ ಹಳೆಯ ಯಂತ್ರ ಕೆಟ್ಟು ನಿಂತಿತ್ತು. ಒಟ್ಟು 212 ಭಾಗ. ಎಲ್ಲದರ ಚಿತ್ರ ಬಿಡಿಸಿ, ಪರದೆಯ ಮೇಲೆ ಒಂದಕ್ಕೊಂದು ಜೋಡಿಸಿ, ಸರಿಯಾಗಿ ಕೂರುತ್ತವೆಯೇ ಎಂದು ನೋಡಬೇಕು. ಜನವರಿ ಕೊನೆಗೆ ಕೊಯ್ಲು ಶುರು. ಸುತ್ತಲಿನ ಮೂವತ್ತು ತೋಟದವರ ಹಣ್ಣು ಆ ಘಟಕಕ್ಕೇ ಬರುತ್ತದೆ.

ಬಿಡಿ ಭಾಗಗಳನ್ನು ಬಿಡಿಸುವವರೆಗೆ ತೊಂದರೆ ಇರಲಿಲ್ಲ. ಜೋಡಿಸಲು ಹೊರಟಾಗ ಅರವತ್ತನೆಯ ಭಾಗಕ್ಕೆ ಕಂಪ್ಯೂಟರ್ ಅಲ್ಲಾಡದೆ ನಿಂತುಬಿಟ್ಟಿತು. ಐದು ವರ್ಷ ಹಳೆಯ ಯಂತ್ರ ಅದು. ಮತ್ತೆ ಶುರು ಮಾಡಿದರು, ಮತ್ತೆ ನಿಂತಿತು. ಮೂರನೇ ಸಲ ಎರಡು ದಿನದ ಕೆಲಸ ಅಳಿಸಿಹೋಯಿತು.

"ಅಕಿ ಅವತ್ತು ಊಟ ಮಾಡ್ಲಿಲ್ರಿ" ಎಂದು ಬಾಲಕೃಷ್ಣ ನೆನೆಯುತ್ತಾರೆ. "ನಾನೇ ಹೇಳ್ದೆ, ಈ ಕಂಪ್ಯೂಟರ್ ಮಾರಿಬಿಡು, ದಿಂಡೋರಿಯವರಿಗೆ ಆಗೂದಿಲ್ಲ ಅಂತ ಹೇಳು. ಸಣ್ಣ ಕೆಲಸ ಕಾಗದದ ಮ್ಯಾಲೆ ಕೈಲೆ ಬಿಡಿಸ್ಕೊಂಡು ಹೋದ್ರಾತು ಅಂದೆ." ಇಂಥ ಕೆಲಸಕ್ಕೆಂದೇ ಬರುವ ದೊಡ್ಡ ವರ್ಕ್‌ಸ್ಟೇಷನ್ ಕೊಳ್ಳುವುದು ಈ ಮನೆಗೆ ದೂರದ ಮಾತು. ಔರಂಗಾಬಾದಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಸಮೀರ ಪರಿಚಯದವರು, ವಿಜಾಪುರದ ಕಡೆಯವರು. ಟೈಪಿಂಗ್ ಕಲಿಸಲು ಆಗುತ್ತದೆ, ಭಾನುವಾರ ಬಂದು ಒಯ್ಯುತ್ತೇನೆ ಎಂದರು.

ಶನಿವಾರ ಸುಗುಣಾ ಫೈಲುಗಳನ್ನು ಡಿಸ್ಕ್‌ಗಳಿಗೆ ಇಳಿಸಲು ಕೂತರು. ಆಗ ಒಂದು ಮಾತು ತಲೆಗೆ ಬಂತಂತೆ. "ಮಂದಿ ಮುರಿದ ಗಾಲಿ ತಂದ್ರ, ಇದು ಯಾಕ ಮುರೀತು ಅಂತ ಮೊದ್ಲು ಕೇಳತೀನಿ. ನನ್ನ ಯಂತ್ರಕ್ಕ ಅದನ್ನ ಕೇಳೇ ಇಲ್ಲಲ್ಲ?"

ಅಳೆಯುವ ನೋಟ್‌ಬುಕ್ ತೆಗೆದರು. ಕಂಪ್ಯೂಟರ್ ಒಳಗೆ ಏನು ನಡೆಯುತ್ತಿದೆ ಎಂದು ತೋರಿಸುವ ಕಿಟಕಿಯನ್ನು ಪರದೆಯ ಮೂಲೆಯಲ್ಲಿ ತೆರೆದಿಟ್ಟು, ಒಂದೊಂದೇ ಭಾಗ ಜೋಡಿಸುತ್ತ ಹೋದರು. ಇಪ್ಪತ್ತು ಭಾಗಕ್ಕೆ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ತುಂಬಿದೆ. ನಲವತ್ತಕ್ಕೆ ಎಷ್ಟು, ಐವತ್ತಕ್ಕೆ ಎಷ್ಟು. ನಾಲ್ಕು ಪುಟ ತುಂಬಿತು. ಪ್ರೊಸೆಸರ್ ಅರ್ಧದಷ್ಟೂ ದುಡಿಯುತ್ತಿರಲಿಲ್ಲ. ನಿಂತಾಗಲೆಲ್ಲ ಮೆಮೊರಿ ಮಾತ್ರ ಭರ್ತಿ. ಯಂತ್ರ ಮುದಿಯಾಗಿರಲಿಲ್ಲ, ಅದಕ್ಕೆ ಜಾಗ ಸಾಲುತ್ತಿರಲಿಲ್ಲ.

ಭಾನುವಾರ ಹತ್ತಕ್ಕೆ ಸಮೀರ ಬಂದೇಬಿಟ್ಟರು. ಸುಗುಣಾ ವಿಷಯ ಹೇಳಿದಾಗ ಅವರ ಮುಖ ಗಂಟಾಯಿತು. "ಅಕ್ಕಾರ, ನಸುಕಿನಾಗ ಎದ್ದು ಬಸ್ ಹತ್ತೀನಿ. ಈಗ ವಿಚಾರ ಮಾಡತೀನಿ ಅಂದ್ರ ಹೆಂಗ್ರಿ?"

"ತಪ್ಪಾತು, ಸಮೀರ. ಇದೊಂದು ಓದಿಬಿಡ್ರಿ. ಆಮ್ಯಾಲೂ ಬೇಕು ಅಂದ್ರ ಒಯ್ರಿ, ನಾ ತಡಿಯೂದಿಲ್ಲ."

ಸಮೀರ ನಾಲ್ಕೂ ಪುಟ ಓದಿದರು. ಸ್ಕ್ರೂಡ್ರೈವರ್ ಕೇಳಿ ಡಬ್ಬಿಯ ಮುಚ್ಚಳ ತೆಗೆದರು. ಮೆಮೊರಿ ಕೂರಿಸಲು ನಾಲ್ಕು ಸಂದಿ ಇದ್ದವು, ಎರಡು ಖಾಲಿ ಬಿದ್ದಿದ್ದವು. "ಇದನ್ನ ಟೈಪಿಂಗ್‌ಗೆ ಒಯ್ದ್ರ ಪಾಪ ಹತ್ತತೈತ್ರಿ" ಅಂದರಂತೆ. ಉಪ್ಪಿಟ್ಟು ತಿಂದು, ಸುಗುಣಾ ಅವರನ್ನು ಕರೆದುಕೊಂಡು ನಾಸಿಕ್‌ಗೆ ಹೋದರು. ಹಳೆಯ ಬಗೆಯ ಮೆಮೊರಿ ಹೊಸ ಅಂಗಡಿಗಳಲ್ಲಿ ಸಿಗಲಿಲ್ಲ. ಆರನೆಯ ಕಡೆ, ರಿಪೇರಿ ಮಾಡುವವನ ಡ್ರಾಯರಿನಲ್ಲಿ ನಾಲ್ಕು ಪಟ್ಟಿ ಸಿಕ್ಕವು. ಹಳೆಯವೆರಡನ್ನು ತೆಗೆದು ಈ ನಾಲ್ಕನ್ನೂ ಕೂರಿಸಿದಾಗ ಎರಡು ಜಿ.ಬಿ. ಇದ್ದದ್ದು ಎಂಟಾಯಿತು. ಅಷ್ಟನ್ನೂ ಬಳಸಬಲ್ಲ ವಿಂಡೋಸನ್ನು ಹಾಕಿಕೊಟ್ಟು, ಸಮೀರ ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಹೊರಟರು.

ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ನೂರೈವತ್ತು ದಾಟಿದ ಮೇಲೆ ಚಿತ್ರ ತಿರುಗಿಸಿದರೆ ಜಗ್ಗಿ ಜಗ್ಗಿ ತಿರುಗುತ್ತಿತ್ತು. ಸುಗುಣಾ ಬೋಲ್ಟುಗಳ ಮೇಲಿನ ತಿರುಪಿನ ಸುತ್ತುಗಳನ್ನೆಲ್ಲ ಅಳಿಸಿ ಬರೀ ಕಡ್ಡಿಯಂತೆ ಉಳಿಸಿಕೊಂಡರು, ಭಾರ ಇಳಿಯಿತು. ಐದನೇ ದಿನ 212 ಭಾಗವೂ ಪರದೆಯ ಮೇಲೆ ಒಂದಾಗಿ ನಿಂತವು.

ಮತ್ತು ಒಂದು ತಪ್ಪು ಕಂಡಿತು. ಎರಡು ಗಾಲಿಗಳ ಹಲ್ಲು ಸಂದಿಯಲ್ಲಿ ಕೂರುವ ಬದಲು ಒಂದರೊಳಗೊಂದು ಹೊಕ್ಕಿದ್ದವು. ಮೂರು ಸಲ ಅಳೆದಿದ್ದರೂ, ಮೂರು ಸಲವೂ ಅಳೆದದ್ದು ಒಂದೇ ಸವೆದ ಜಾಗವನ್ನು. "ಬಿಡಿಬಿಡಿಯಾಗಿ ನೋಡಿದ್ರ ಅದು ಎಂದೂ ಕಾಣ್ತಿರಲಿಲ್ರಿ. ಹಂಗೇ ಎರಕ ಹೊಯ್ದಿದ್ರ ಕೊಯ್ಲಿನ ದಿನ ಗೇರ್ ಹಿಡ್ಕೊಂಡು ನಿಂತುಬಿಡ್ತಿತ್ತು." ತಿದ್ದಿದ ಚಿತ್ರ ವರ್ಕ್‌ಶಾಪಿಗೆ ಹೋಯಿತು. ಜನವರಿ ಇಪ್ಪತ್ತೆರಡಕ್ಕೆ ಯಂತ್ರ ತಿರುಗಿತು. ಆ ಋತುವಿನಲ್ಲಿ ಮೂವತ್ತು ತೋಟದ ಹಣ್ಣನ್ನೂ ಅದರಲ್ಲೇ ಹಿಂಡಿದರು.

ಆರೂವರೆಯಾಗಿದೆ. ಬಾಲಕೃಷ್ಣ ಚಹಾ ತಂದಿಟ್ಟು ಶಿಫ್ಟಿನ ಬಸ್ಸಿಗೆ ಓಡುತ್ತಾರೆ. ಅದೇ ಕಂಪ್ಯೂಟರಿನ ಪರದೆಯ ಮೇಲೆ ಮುರಿದ ಗಾಲಿಗೆ ಇಡೀ ರೂಪ ಬರುತ್ತಿದೆ. ಇನ್ನು ಮುಂದಿನ ಆಸೆ ಏನು ಎಂದು ಕೇಳುತ್ತೇನೆ. ಹೊಸ ವರ್ಕ್‌ಸ್ಟೇಷನ್ ಎನ್ನುತ್ತಾರೇನೋ ಎಂದುಕೊಂಡಿದ್ದೆ.

"ದಿಂಡೋರಿ ಯಂತ್ರ ತಿರುಗೂದನ್ನ ನಾ ನೋಡೇ ಇಲ್ರಿ. ಯಾರೂ ಕರೀಲಿಲ್ಲ, ನಾನೂ ಕೇಳಲಿಲ್ಲ" ಎನ್ನುತ್ತಾರೆ ಸುಗುಣಾ, ಪರದೆಯಿಂದ ಕಣ್ಣು ತೆಗೆಯದೆ. "ಈ ಸಲ ಹಣ್ಣು ಬೀಳೂ ಮುಂದ ಬಾಜೂಕ ಹೋಗಿ ನಿಂದರಬೇಕು. ಒಂದು ಐದು ನಿಮಿಷ ಸಾಕು. ಹಲ್ಲು ಸರಿ ಕುಂತಾವೋ ಇಲ್ಲೋ, ಸಪ್ಪಳ ಕೇಳಿದ್ರ ನನಗ ತಿಳೀತೈತಿ."