ಹತ್ತೂವರೆಗೆ ಮುಗಿಯುವ ಶನಿವಾರ

ನಾನು ಶನಿವಾರ ಮೀನು ತಿನ್ನುವವಳಲ್ಲ. ಹೀಗೆಂದರೆ ಏನೋ ದೊಡ್ಡ ವ್ರತಸ್ಥೆಯ ಹಾಗೆ ಕೇಳಿಸುತ್ತದೆ. ಉಳಿದ ಆರು ದಿನ ನಾನು ಮೀನಿಗೆ ತೋರಿಸುವ ಭಕ್ತಿಯನ್ನು ಕಂಡವರಿಗೆ ನಗು ಬಂದೀತು. ಉಡುಪಿ ಕಡೆಯ ನನ್ನ ಅತ್ತೆಮನೆಯಲ್ಲಿ ಶನಿವಾರವೆಂದರೆ ತಿರುಪತಿ ದೇವರ ದಿನ. ಶುಕ್ರವಾರ ರಾತ್ರಿಯೇ ಅತ್ತೆ ಮೀನಿನ ಬಾಣಲೆಯನ್ನು ತಿಕ್ಕಿ ಅಟ್ಟದಲ್ಲಿ ಕವುಚಿ ಹಾಕುತ್ತಿದ್ದರು. ಮದುವೆಯಾಗಿ ಮಸ್ಕತ್ತಿಗೆ ಬಂದಾಗ ನಾನು ತಂದದ್ದು ಎರಡು ಸೂಟ್‌ಕೇಸು ಮತ್ತು ಆ ಶನಿವಾರ. ಅಲ್ ಗುಬ್ರಾದ ಫ್ಲ್ಯಾಟಿನಲ್ಲಿ ಅಟ್ಟವಿಲ್ಲ. ಬಾಣಲೆ ವಾಷಿಂಗ್ ಮಷೀನಿನ ಮೇಲೆ ಕವುಚಿಕೊಂಡಿರುತ್ತದೆ, ಅಷ್ಟೇ ವ್ಯತ್ಯಾಸ.

ಊರಿನಲ್ಲಿ ಇದು ಕಷ್ಟವೇ ಅಲ್ಲ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ತಿರುಗಾಟ, ಹೊರಗಿನ ಊಟ ಎಲ್ಲ ಆ ಎರಡೇ ದಿನ. ಅದರಲ್ಲಿ ಒಂದನ್ನು ನಾನು ಮಕ್ಕಳ ಕೈಯಿಂದ ಮೊದಲೇ ತೆಗೆದಿಟ್ಟ ಹಾಗಾಯಿತು. ಅದಕ್ಕೆ ನಮ್ಮವರು ಒಂದು ಉಪಾಯ ಹುಡುಕಿದರು. ಊರಿನ ಗಡಿಯಾರ ಇಲ್ಲಿಯದಕ್ಕಿಂತ ಒಂದೂವರೆ ಗಂಟೆ ಮುಂದೆ. ಇಲ್ಲಿ ಹತ್ತೂವರೆ ಎಂದರೆ ಅಲ್ಲಿ ಹನ್ನೆರಡು, ಶನಿವಾರ ಖಲಾಸ್. “ದೇವರು ಊರಿನವರಲ್ವಾ ಮಾರಾಯ್ತಿ, ಅವರ ವಾಚಿನಲ್ಲಿ ಭಾನುವಾರ ಆದ್ರೆ ಸಾಕು” ಎಂದರು. ಇಂಥ ವಿಷಯದಲ್ಲಿ ಗಂಡನ ಮಾತು ನನಗೆ ಬೇಗ ಒಪ್ಪಿಗೆಯಾಗುತ್ತದೆ. ಅಂದಿನಿಂದ ನಮ್ಮ ಮನೆಯ ಶನಿವಾರ ಹತ್ತೂವರೆಗೆ ಮುಗಿಯುತ್ತದೆ.

ಹೋದ ಚಳಿಗಾಲದಲ್ಲಿ ನಮ್ಮ ಮನೆಯ ಹತ್ತಿರದ ಪಾರ್ಕಿಂಗ್ ಮೈದಾನದಲ್ಲಿ ಥಾಯ್ಲೆಂಡಿನವರ ರಾತ್ರಿ ಸಂತೆ ಬಂತು. ಗುರುವಾರದಿಂದ ಶನಿವಾರದವರೆಗೆ, ಮೂರೇ ಸಂಜೆ. ಮೂರನೆಯ ಕ್ಲಾಸಿನ ನನ್ನ ಮಗಳು ಇಂಚರಳ ಗೆಳತಿ ಮೊದಲ ದಿನವೇ ಹೋಗಿ, ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಬೊಂಡಾಸ್ ತಿಂದು ಬಂದಿದ್ದಳು. ಮುಳ್ಳಿಲ್ಲದ, ಮೀಸೆಯಂಥ ಕಾಲುಗಳ ಸ್ಕ್ವಿಡ್ ಮೀನಿಗೆ ನಮ್ಮ ಕಡೆ ಬೊಂಡಾಸ್ ಎನ್ನುತ್ತಾರೆ. ಆಗಿನಿಂದ ಇವಳದ್ದು ಅದೇ ಜಪ. ಗುರುವಾರ ಇವರಿಗೆ ಆಫೀಸಿನಿಂದ ಬರಲು ತಡವಾಗಿತ್ತು. ಶುಕ್ರವಾರ ದಾರ್ಸೈಟಿನಲ್ಲಿ ನಂಟರ ಮನೆಯ ಪೂಜೆ. ಉಳಿದದ್ದು ಶನಿವಾರ.

“ಹತ್ತೂವರೆಗೆ ಕೊಡಿಸ್ತೇನೆ” ಎಂದು ಮಾತು ಕೊಟ್ಟೇ ಹೊರಟೆ. ಎಂಟು ಗಂಟೆಗೆ ತಲುಪಿದೆವು. ಸಾಲು ಸಾಲು ಕಾಗದದ ದೀಪ, ಹೊಗೆ, ನಿಂಬೆಹುಲ್ಲಿನ ಪರಿಮಳ. ಮಾವಿನಹಣ್ಣು ಮತ್ತು ತೆಂಗಿನಹಾಲಿನ ಅಂಟು ಅನ್ನ ಕೊಡಿಸಿದೆ, ಸುಟ್ಟ ಜೋಳ ಕೊಡಿಸಿದೆ. ತಿಂದರು. ಆದರೆ ಬೊಂಡಾಸಿನ ಅಂಗಡಿಯ ಮುಂದೆ ಇಂಚರಳ ಕಾಲು ನಿಂತೇಬಿಟ್ಟಿತು. ಅಂಗಡಿಯಾಕೆ ಹೆಚ್ಚು ಕಡಿಮೆ ನನ್ನದೇ ವಯಸ್ಸಿನವಳು, ತಲೆಗೆ ಬಟ್ಟೆ ಕಟ್ಟಿದ್ದಳು.

“ಹಲಾಲ್, ಮೇಡಂ, ಹಲಾಲ್!” ಎಂದು ಬೋರ್ಡು ತೋರಿಸಿದಳು.

“ನೋ ನೋ. ಸ್ಯಾಟರ್‌ಡೇ ನೋ ಫಿಶ್. ಸಂಡೇ ಓಕೆ” ಎಂದೆ.

“ಸಂಡೇ ನೋ ಮಾರ್ಕೆಟ್! ಮಾರ್ಕೆಟ್ ಖಲಾಸ್!” ಎಂದು ಅವಳು ಗೊಳ್ಳನೆ ನಕ್ಕಳು. ನಾನೂ ನಕ್ಕೆ. ಇಂಚರ ನಗಲಿಲ್ಲ.

ಒಂಬತ್ತಕ್ಕೆ ನನ್ನ ಮಗ ಪ್ರಣವ್ ಫೋನು ಹಿಡಿದು ಬಂದ. ಅವನು ಎಂಟನೆಯ ಕ್ಲಾಸು, ವಾದದಲ್ಲಿ ಅಪ್ಪನ ಮಗ. “ಅಮ್ಮಾ, ಬ್ಯಾಂಕಾಕಲ್ಲಿ ಈಗ ಹನ್ನೆರಡು. ಫುಡ್ ಅವರದ್ದು, ಟೈಮೂ ಅವರದ್ದೇ. ಇಟ್ಸ್ ಆಲ್ರೆಡಿ ಸಂಡೇ.”

“ಪಾಯಿಂಟ್ ಉಂಟು ಮಾರಾಯ್ತಿ” ಎಂದರು ಇವರು.

“ಎಂತ ಪಾಯಿಂಟ್? ಹೀಗೆ ದೇಶಕ್ಕೊಂದು ಲೆಕ್ಕ ಹಾಕ್ತಾ ಹೋದ್ರೆ ಶನಿವಾರ ಎಂಬುದೇ ಉಳಿಯುದಿಲ್ಲ” ಎಂದೆ. ಆ ಕ್ಷಣದಲ್ಲಿ ನನ್ನ ಮಾತು ನನಗೇ ಬಹಳ ಮೆಚ್ಚುಗೆಯಾಯಿತು.

ಕಟ್ಟೆಯ ಮೇಲೆ ಕುಳಿತು ಕಾದೆವು. ಹತ್ತು ಗಂಟೆಗೆ ಸಂಗೀತ ನಿಂತಿತು, ದೀಪಗಳು ಸಾಲಾಗಿ ಆರತೊಡಗಿದವು. ಸಂತೆ ಹತ್ತಕ್ಕೇ ಮುಚ್ಚುತ್ತದೆಂದು ವಿಚಾರಿಸುವ ಬುದ್ಧಿ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ಇಂಚರ ಎದ್ದು ನಿಂತಳು. ಅಷ್ಟರಲ್ಲಿ ಆ ಅಂಗಡಿಯಾಕೆಯೇ ನಮ್ಮನ್ನು ಹುಡುಕಿಕೊಂಡು ಬಂದಳು, ಕೈಯಲ್ಲಿ ಒಂದು ಕಡ್ಡಿ ಬೊಂಡಾಸ್, ಬಿಸಿ ಬಿಸಿ. “ಫಾರ್ ಬೇಬಿ” ಎಂದಳು. ಇವರು ಪರ್ಸು ತೆಗೆದರೆ ಕೈ ಅಡ್ಡ ಹಿಡಿದಳು.

ಮಗಳು ಕಡ್ಡಿ ತೆಗೆದುಕೊಂಡು ನನ್ನ ಮುಖ ನೋಡಿದಳು. ಹತ್ತು ಗಂಟೆ ಹತ್ತು ನಿಮಿಷ.

“ಇಪ್ಪತ್ತೇ ನಿಮಿಷ, ಪುಟ್ಟಾ” ಎಂದೆ.

ಅಂಗಡಿಯಾಕೆ ಹೋಗದೆ ನಿಂತಿದ್ದಳು. ಮಾಡಿ ಬಡಿಸಿದವರು ಮೊದಲ ತುತ್ತು ಬಾಯಿಗೆ ಹೋಗುವವರೆಗೆ ನಿಲ್ಲುತ್ತಾರೆ. ನಾನೂ ಅಡುಗೆಮನೆಯ ಬಾಗಿಲಲ್ಲಿ ದಿನಾ ಹಾಗೆಯೇ ನಿಲ್ಲುವವಳು. ಅವಳು ಸ್ವಲ್ಪ ಹೊತ್ತು ಕಾದಳು. ಮಗು ತಿನ್ನಲಿಲ್ಲ. ಅವಳ ನಗು ಪೂರ್ತಿ ಹೋಗಲಿಲ್ಲ, ಅರ್ಧ ಉಳಿಯಿತು. ಅದನ್ನೇ ಇಟ್ಟುಕೊಂಡು ಪಾತ್ರೆ ಕಟ್ಟಲು ಹೋದಳು.

ಹತ್ತೂವರೆಗೆ ಕಾರಿನಲ್ಲಿ “ಈಗ ತಿನ್ನು” ಎಂದೆ. ಕೆಂಡದಿಂದ ಇಳಿದ ಬೊಂಡಾಸ್ ಯಾರಿಗೂ ಕಾಯುವುದಿಲ್ಲ, ತಣಿದರೆ ರಬ್ಬರು. ಅವಳು ಜಗಿದಳು, ಜಗಿದಳು. ಎರಡು ಸಿಗ್ನಲ್ ದಾಟಿದರೂ ಜಗಿಯುತ್ತಿದ್ದಳು. “ಹೇಗುಂಟು?” ಎಂದರೆ “ನೈಸ್, ಅಮ್ಮಾ” ಎಂದಳು. ಮರುದಿನ ಕಾರು ಒರೆಸುವಾಗ ಬಾಗಿಲಿನ ಖಾನೆಯಲ್ಲಿ ಟಿಶ್ಯೂ ಸುತ್ತಿದ ಕಡ್ಡಿ ಸಿಕ್ಕಿತು. ಬೊಂಡಾಸಿನಲ್ಲಿ ಒಂದೇ ಒಂದು ಕಡಿತದ ಗುರುತಿತ್ತು.

ದಿನವೆಂಬುದು ಎಲ್ಲಿಂದ ಶುರುವಾಗುತ್ತದೆ ಎಂದು ಆಮೇಲೆ ನಾನು ವಿಚಾರಿಸುತ್ತ ಹೋದೆ. ನಮ್ಮ ಪಂಚಾಂಗದ ಪ್ರಕಾರ ಸೂರ್ಯೋದಯದಿಂದ. ಹಾಗಾದರೆ ನಡುರಾತ್ರಿಯ ಲೆಕ್ಕವೇ ಸುಳ್ಳು, ಬೆಳಗಿನವರೆಗೂ ಶನಿವಾರವೇ. ಇವರ ಆಫೀಸಿನ ಒಮಾನಿ ಸಹೋದ್ಯೋಗಿ ಹೇಳಿದ್ದು ಬೇರೆ: ಅವರ ಕ್ರಮದಲ್ಲಿ ಸೂರ್ಯ ಮುಳುಗಿದೊಡನೆ ಮರುದಿನ. ಅಂದರೆ ನಾವು ಸಂತೆಯೊಳಗೆ ಕಾಲಿಡುವಾಗಲೇ ಈ ನೆಲದಲ್ಲಿ ಭಾನುವಾರ. ನಾನು ಮಗಳನ್ನು ಕಾಯಿಸಿದ ಹತ್ತೂವರೆ ಮಾತ್ರ ಯಾವ ದೇವರ ವಾಚಿನಲ್ಲೂ ಇರಲಿಲ್ಲ.

ಕೊನೆಗೆ ಅತ್ತೆಗೆ ಫೋನು ಮಾಡಿ ಎಲ್ಲ ಹೇಳಿದೆ. ಮೆಚ್ಚಿಯಾರೆಂಬ ಸಣ್ಣ ಆಸೆಯೂ ಇತ್ತೆಂದು ಕಾಣುತ್ತದೆ. ಅತ್ತೆ ಕೇಳಿದರು: “ಮಕ್ಕಳಿಗೆ ಎಂತ ಶನಿವಾರ ಮಾರಾಯ್ತಿ? ನಿನ್ನ ಗಂಡ ಸಣ್ಣದಿರುವಾಗ ಅಳ್ತಾನೆಂತ ಹಿತ್ತಲಲ್ಲಿ ಕೂರಿಸಿ ಒಣಮೀನು ಸುಟ್ಟು ಕೊಡ್ತಿದ್ದೆ. ನಿಂಗೆ ಹೇಳಿರ್ಲಿಲ್ವಾ?”

ಹೇಳಿರಲಿಲ್ಲ. ಬಾಣಲೆ ಕವುಚುವುದನ್ನು ಮಾತ್ರ ನಾನು ಕಂಡಿದ್ದೆ.

ಅಂದಿನಿಂದ ಮಕ್ಕಳಿಗೆ ಶನಿವಾರವಿಲ್ಲ ಎಂದು ಮನೆಯಲ್ಲಿ ಸಾರಿಬಿಟ್ಟೆ. ಪ್ರಣವ್ ಆ ಕ್ಷಣದಿಂದಲೇ ಜಾರಿಗೆ ತಂದ. ಮೊನ್ನೆ ಶನಿವಾರ ಸಮುದ್ರದ ಬದಿಯಲ್ಲಿ ಸಿಗಡಿ ಸುಡುತ್ತಿದ್ದರು. ಇಂಚರ ಕೇಳಲಿಲ್ಲ; ನಾನೇ ಒಂದು ಕಡ್ಡಿ ಕೊಂಡು ಅವಳ ಮುಂದೆ ಹಿಡಿದೆ. “ಬಿಸಿ ಉಂಟು, ತಿನ್ನು ಮಗಾ.”

“ನಿಂಗೆ ಸ್ಯಾಟರ್‌ಡೇ ಅಲ್ವಾ? ಇಟ್ಸ್ ಓಕೆ ಅಮ್ಮಾ, ಐ ವಿಲ್ ವೇಟ್” ಎಂದು ಅವಳು ನೀರಿನ ಕಡೆ ಓಡಿದಳು.

ಒಳ್ಳೆಯ ಮಗು, ಹೇಳಿಕೊಟ್ಟದ್ದನ್ನು ಮರೆಯುವುದಿಲ್ಲ. ಇದೊಂದನ್ನು ಮರೆಯಲಿ ದೇವರೇ ಎಂದು ಕೇಳಿಕೊಳ್ಳೋಣವೆಂದರೆ, ಅಂದು ಶನಿವಾರ. ಕೇಳಬೇಕಾದದ್ದೂ ಆ ದೇವರನ್ನೇ.